ಅಕ್ಕನಿಗೇ ಮೊದಲು ಕಾಣುವ ಚಂದ್ರ

ನಾನು ಚಿಕ್ಕವನಿದ್ದಾಗ ಅಕ್ಕನ ಕಣ್ಣುಗಳ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚು. ಅವು ಚೆಂದವಾಗಿದ್ದವು ಎಂದಲ್ಲ. ಪ್ರತಿ ವರ್ಷವೂ ಯುಗಾದಿ ಚಂದ್ರ ಮೊದಲು ಅವಕ್ಕೇ ಕಾಣುತ್ತಿದ್ದ, ಅದಕ್ಕೆ.

ಆಗ ನಮ್ಮ ಮನೆ ಯಲಬುರ್ಗಾದಲ್ಲಿತ್ತು. ಯುಗಾದಿಯ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ಸ್ನಾನ, ಮಧ್ಯಾಹ್ನ ಹೋಳಿಗೆ, ಅದಕ್ಕೂ ಮೊದಲು ಒಂದೊಂದು ಲೋಟ ಬೇವು. ನಮ್ಮ ಕಡೆ ಬೇವು ಎಂದರೆ ಕುಡಿಯುವಂಥದ್ದು. ಬೆಲ್ಲದ ನೀರಿಗೆ ಹುಣಸೆಹುಳಿ, ಪುಟಾಣಿ ಎಂಬ ಹುರಿಗಡಲೆಯ ಹಿಟ್ಟು, ಕೊಬ್ಬರಿ ಹಾಕಿ, ಮೇಲೆ ಬೇವಿನ ಹೂವು ಉದುರಿಸುತ್ತಾರೆ. ಆದರೆ ಮಕ್ಕಳ ಪಾಲಿಗೆ ನಿಜವಾದ ಹಬ್ಬ ಮರುದಿನದ ಸಂಜೆ. ಹೊಸ ವರ್ಷದ ಚಂದ್ರ ಆವತ್ತು ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಕಾಣುತ್ತಾನೆ. ಅವ್ವ ಹೊಸೆದ ಶಾವಿಗೆಯ ಎಳೆಯನ್ನು ತುಸು ಬಗ್ಗಿಸಿ ಆಕಾಶಕ್ಕೆ ಅಂಟಿಸಿದ ಹಾಗೆ, ಅಷ್ಟೇ ತೆಳ್ಳಗೆ.

ಅವನನ್ನು ಮೊದಲು ಕಂಡವರು "ಚಂದ್ರ ಕಂಡ!" ಎಂದು ಕೂಗಬೇಕು. ಆಗ ಅಪ್ಪ ಅವರನ್ನೇ ಕೇಳುತ್ತಿದ್ದ, "ಯಾವ ಕೋಡು ಮ್ಯಾಲ ಐತಿ?" ಚಂದ್ರನ ಎರಡು ತುದಿಗಳೇ ಅವನ ಕೋಡುಗಳು. ಯಾವುದು ಎತ್ತರವಿದೆ ಎಂಬುದರ ಮೇಲೆ ಆ ವರ್ಷ ಕಪ್ಪು ಮಣ್ಣಿನ ಎರೆ ಹೊಲದ ಬೆಳೆ ಚೆನ್ನಾಗಿ ಬರುವುದೋ ಕೆಂಪು ಮಣ್ಣಿನ ಮಸಾರಿ ಹೊಲದ್ದೋ ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದರು. ಅಪ್ಪ ಅಲ್ಲಿಗೆ ಹೋಗಿ, "ನಮ್ಮ ಹುಡುಗಿ ಕಂಡಾಳ, ಎಡಗೋಡು ಮ್ಯಾಲ ಐತಂತ" ಎಂದು ಹೇಳುತ್ತಿದ್ದ. ಅಂದರೆ ಇಡೀ ಊರಿನ ಮಳೆ-ಬೆಳೆಯ ಮಾತು ನನ್ನ ಅಕ್ಕನ ಕಣ್ಣಿನಿಂದ ಶುರುವಾಗುತ್ತಿತ್ತು. ಒಂದೇ ಒಂದು ಸಲ ಅಪ್ಪ ಆ ಪ್ರಶ್ನೆಯನ್ನು ನನಗೆ ಕೇಳಬೇಕು. ನನಗೆ ಬೇಕಾದದ್ದು ಇಷ್ಟೇ.

ಇನ್ನೊಂದು ಮಾತು. ನನಗೆ ಡೈರಿ ಬರೆಯುವ ಅಭ್ಯಾಸ ಬಂದದ್ದು ಮುಂದೆ ಧಾರವಾಡಕ್ಕೆ ಓದಲು ಹೋದಾಗ. ಹಾಗಾಗಿ ಈಗ ಹೇಳಹೊರಟ ಸಂಜೆಗೆ ನನ್ನ ನೆನಪು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಅದನ್ನು ನಾನು ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಕಾಗಿಲ್ಲ.

ಆ ವರ್ಷ ನಾನು ಗುಟ್ಟಾಗಿ ತಯಾರಿ ಮಾಡಿಕೊಂಡಿದ್ದೆ. ಅಕ್ಕ ದಿನಾ ಕಣ್ಣಿಗೆ ಕಾಡಿಗೆ ಹಚ್ಚಿಕೊಳ್ಳುತ್ತಿದ್ದಳಲ್ಲ, ಅದರಿಂದಲೇ ಅವಳಿಗೆ ಅಷ್ಟು ದೂರ ಕಾಣುತ್ತದೆ ಎಂದು ನನಗೆ ಹೊಳೆದಿತ್ತು. ಅವಳ ಡಬ್ಬಿಯಿಂದಲೇ ತೆಗೆದು ಎರಡೂ ಕಣ್ಣಿಗೆ ದಪ್ಪಗೆ ಮೆತ್ತಿಕೊಂಡು ಏಣಿ ಹತ್ತಿದೆ.

ನಮ್ಮ ಓಣಿಯ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಮೊಣಕಾಲೆತ್ತರದ ಗೋಡೆ ಮಾತ್ರ. ಸಂಜೆಯಾದರೂ ಅಂಗಾಲಿನ ಕೆಳಗೆ ಮಣ್ಣು ಇನ್ನೂ ಬೆಚ್ಚಗಿತ್ತು. ಅವ್ವ ಅದರ ಮೇಲೆ ನೀರು ಚಿಮುಕಿಸಿದ್ದಳು. ಆ ವಾಸನೆಯೂ, ಮೂಲೆಯಲ್ಲಿ ಕೋಲಿನ ಮೇಲೆ ಒಣಗುತ್ತಿದ್ದ ಶಾವಿಗೆಯ ವಾಸನೆಯೂ ಬೆರೆತಿದ್ದವು. ಪಡುವಣದಲ್ಲಿ ಧೂಳು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಎಲ್ಲ ಮನೆಯವರೂ ಮೇಲೆ ಬಂದು ಅತ್ತಲೇ ಮುಖ ಮಾಡಿ ನಿಂತಿದ್ದರು.

ಪಕ್ಕದ ಮಾಳಿಗೆಯ ಕಾಕಾ ನನ್ನ ಮುಖ ನೋಡಿ, "ಏನೋ ತಮ್ಮಾ, ಇವತ್ತ ನಿನ್ನ ಲಗ್ನ ಐತೇನು?" ಎಂದ. ನಾನು ಪಡುವಣದಿಂದ ಕಣ್ಣು ತೆಗೆಯಲಿಲ್ಲ. ಮಾತಾಡಿದರೆ ಚಂದ್ರ ತಪ್ಪಿ ಹೋಗಬಹುದಿತ್ತು.

"ಚಂದ್ರ ಕಂಡ! ಚಂದ್ರ ಕಂಡ!" ಅಕ್ಕ ಕೂಗಿಯೇ ಬಿಟ್ಟಳು.

ಎಲ್ಲರೂ ಅವಳ ಬೆರಳು ತೋರಿದ ಕಡೆ ನೋಡಿದರು. "ಹೌದ ನೋಡ್ರಿ" ಎಂದರು. ಅವ್ವ ಕೈ ಮುಗಿದಳು. ನಾನು ಓಡಿ ಹೋಗಿ ಅಕ್ಕನ ತೋಳಿಗೆ ಕೆನ್ನೆ ಹಚ್ಚಿ, ಅವಳ ಬೆರಳ ತುದಿಯಿಂದಾಚೆ ನೋಡಿದೆ. ಅಲ್ಲಿ ಕೆಂಪು ಧೂಳು ಬಿಟ್ಟರೆ ಏನೂ ಇರಲಿಲ್ಲ.

"ಎಲ್ಲೈತಿ?"

"ಅಲ್ಲಿ ನೋಡೋ, ಬೇವಿನ ಗಿಡದ ತುದಿ ಮ್ಯಾಲ."

"ಎಲ್ಲೀ?"

"ಅವೇನು ಕಣ್ಣೋ, ಹುಣಸಿ ಬೀಜೋ?" ಎಂದಳು ಅಕ್ಕ.

ಆಗ ನನಗೆ ಎಲ್ಲವೂ ತಿಳಿದುಹೋಯಿತು. ಅಲ್ಲಿ ಚಂದ್ರ ಇರಲೇ ಇಲ್ಲ. ಯಾವ ವರ್ಷವೂ ಇರಲಿಲ್ಲ. ಅಕ್ಕ ಸುಮ್ಮನೆ ಕೂಗುತ್ತಾಳೆ. ಅವಳೆಂದರೆ ಎಲ್ಲರಿಗೂ ಪ್ರೀತಿ, ಅದಕ್ಕೆ ಹೌದು ಎನ್ನುತ್ತಾರೆ. ನಾನು ಕಾಲು ಅಪ್ಪಳಿಸಿ ಕಿರುಚಿದೆ.

"ಸುಳ್ಳ! ಎಲ್ಲಾರೂ ಕೂಡಿ ಸುಳ್ಳ ಹೇಳಾಕತ್ತೀರಿ! ಅಲ್ಲಿ ಏನೂ ಇಲ್ಲ!"

ಮಾಳಿಗೆಗಳ ಆ ತುದಿಯಿಂದ ಈ ತುದಿಯವರೆಗೆ ನಗು ಎದ್ದಿತು. ಅಪ್ಪನೊಬ್ಬ ನಗಲಿಲ್ಲ. "ಹಂಗಾರ ಖರೇನೋ ಸುಳ್ಳೋ ಹೆಂಗ ಗೊತ್ತು ಮಾಡೋಣು?" ಎಂದು ಕೇಳಿದ.

ಉಪಾಯ ನನ್ನ ಬಳಿ ಇತ್ತು. ಎಲ್ಲರೂ ಬೇರೆ ಬೇರೆ ಕಡೆ ಕೂತು, ಒಬ್ಬರದು ಒಬ್ಬರು ನೋಡದೆ, ತಮಗೆ ಕಂಡ ಚಂದ್ರನನ್ನು ಬರೆಯಬೇಕು. ಸುಳ್ಳಾದರೆ ಒಂದೊಂದು ಒಂದೊಂದು ಥರ ಆಗುತ್ತದೆ. ಅಪ್ಪ ಕೆಳಗಿಳಿದು ಹೋಗಿ ಒಲೆಯಿಂದ ಇದ್ದಿಲು ತಂದ. ಸೀಮೆಸುಣ್ಣವೂ ಇದ್ದಿರಬಹುದು. ಅಕ್ಕ ಗೋಡೆಯ ಈ ತುದಿಗೆ ಕೂತಳು, ಅವ್ವ ಆ ತುದಿಗೆ. ಕಾಕಾ ತನ್ನ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಈ ವಯಸ್ಸಿನಾಗ ನನ್ನ ಸಾಲಿಗಿ ಹಚ್ಚಿದ್ಯಲ್ಲೋ ಮಗನ" ಎಂದು ಗೊಣಗುತ್ತ ಬರೆದ.

ನಾನು ಕೈ ಹಿಂದೆ ಕಟ್ಟಿಕೊಂಡು ಒಂದೊಂದನ್ನೇ ನೋಡುತ್ತ ಹೋದೆ. ಅಕ್ಕನದು ತೆಳ್ಳಗೆ, ಅಂಗಾತ ಮಲಗಿದ ಹಾಗಿತ್ತು. ಎಡಗೋಡು ತುಸು ಮೇಲೆ. ಅವ್ವನದು ಸಣ್ಣದು, ಆದರೂ ಎಡಗೋಡು ಮೇಲೆ. ಕಾಕಾನದಂತೂ ಸೌತೆಕಾಯಿಯ ಹಾಗೆ ದಪ್ಪಗಿತ್ತು. ಅದರದೂ ಎಡಗೋಡೇ ಮೇಲಿತ್ತು.

ಚಂದ್ರ ಇದ್ದ. ಎಲ್ಲರಿಗೂ ಇದ್ದ. ನನಗೊಬ್ಬನಿಗೇ ಇರಲಿಲ್ಲ. ಕಾಡಿಗೆ ಕರಗಿ ಕೆನ್ನೆಯ ಮೇಲೆ ಇಳಿಯತೊಡಗಿತು.

ಅಪ್ಪ ಇದ್ದಿಲನ್ನು ನನ್ನ ಕೈಗೆ ಕೊಟ್ಟು, "ನಿನಗ ಕಂಡಂಗ ನೀನೂ ಬರಿ" ಎಂದ. ನಾನು ಪಡುವಣಕ್ಕೆ ನೋಡಿ, ಗೋಡೆಗೆ ಇದ್ದಿಲನ್ನು ಅಡ್ಡಡ್ಡ ಉಜ್ಜಿ ಅಂಗೈಯಿಂದ ಸವರಿದೆ. ನನಗೆ ಕಂಡದ್ದು ಅದೇ. ಅಪ್ಪ ಆ ಮಸಿಯ ಮುಂದೆ ಬಹಳ ಹೊತ್ತು ಕೂತ.

"ಆ ಬೇವಿನ ಗಿಡದಾಗ ಎಲಿ ಕಾಣತಾವೇನೋ ನಿನಗ?"

"ಗಿಡದಾಗ ಎಲಿ ಹೆಂಗ ಕಾಣತಾವ? ಹಸರು ಕಾಣತೈತಿ."

ಅವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟ. ಆವತ್ತು ಅವನು ಕಟ್ಟೆಗೂ ಹೋಗಲಿಲ್ಲ. ಯಾವ ಕೋಡು ಎಂದು ಅಕ್ಕನನ್ನು ಕೇಳುವುದನ್ನೂ ಮರೆತುಬಿಟ್ಟ. ಅವಳು ಬಹಳ ಹೊತ್ತು ಅವನ ಹಿಂದೆ ಮುಂದೆ ಸುಳಿದು, ಕೊನೆಗೆ ಮುಖ ಊದಿಸಿಕೊಂಡು ಏಣಿ ಇಳಿದಳು.

ಮುಂದಿನ ವಾರ ಅಪ್ಪ ನನ್ನನ್ನು ಬಸ್ಸಿನಲ್ಲಿ ಕೊಪ್ಪಳಕ್ಕೆ ಕರೆದುಕೊಂಡು ಹೋದ. ಕಪ್ಪು ಚೌಕಟ್ಟಿನ ದುಂಡು ಕನ್ನಡಕ ಬಂತು. ಓಣಿಯ ಮಕ್ಕಳಲ್ಲಿ ಯಾರಿಗೂ ಅಂಥದ್ದಿರಲಿಲ್ಲ. ಅದನ್ನು ಮುಟ್ಟಿ ನೋಡಲು ಸಾಲು ನಿಲ್ಲುತ್ತಿದ್ದರು. ಈಗ ಹೊಟ್ಟೆ ಉರಿದದ್ದು ಅಕ್ಕನಿಗೆ. ಒಂದು ಬೆಳಗ್ಗೆ ಎದ್ದವಳೇ ಕಂಬಕ್ಕೆ ಹಾಯ್ದು, "ಅಪ್ಪಾ, ನನಗೂ ಕಣ್ಣ ಕಾಣವಲ್ವು" ಎಂದಳು. ಅಪ್ಪ ದೂರದ ಗೋಡೆ ತೋರಿಸಿ, "ಪಾಪ, ಅಲ್ಲಿ ಕೂತಿದ್ದು ಗುಬ್ಬೀನೂ ಕಾಣವಲ್ದೇನವಾ?" ಎಂದು ಕೇಳಿದ. ಅಕ್ಕನಿಗೆ ತಡೆಯಲಾಗಲಿಲ್ಲ. "ಗುಬ್ಬಿ ಎಲ್ಲಿಂದ ಬಂತು? ಅದು ಓತಿಕ್ಯಾತ. ಬಾಯಾಗ ಇರಿವಿ ಹಿಡಕೊಂಡೈತಿ!" ಎಂದುಬಿಟ್ಟಳು. ಅವಳಿಗೆ ಕನ್ನಡಕ ಸಿಗಲಿಲ್ಲ.

ಮರುವರ್ಷ ಚಂದ್ರ ಮೊದಲು ಕಂಡದ್ದು ನನಗೇ ಎಂದು ನನ್ನ ನೆನಪು. ಆ ವರ್ಷ ಮೋಡ ಮುಚ್ಚಿತ್ತು, ಯಾರಿಗೂ ಕಾಣಲಿಲ್ಲ ಎಂದು ಅಕ್ಕನ ನೆನಪು. ಅವಳದೇ ನಿಜವಿರಬೇಕು. ಯಾಕೆಂದರೆ ಅಪ್ಪ ನನ್ನನ್ನು "ಯಾವ ಕೋಡು" ಎಂದು ಕೇಳಿದ ದನಿ ನನ್ನ ಕಿವಿಯಲ್ಲಿ ಎಲ್ಲೂ ಇಲ್ಲ. ಕೇಳಿದ್ದರೆ ನಾನು ಮರೆಯುತ್ತಿರಲಿಲ್ಲ.

ಈಗ ನಾವಿರುವುದು ಕೊಪ್ಪಳದಲ್ಲಿ. ಈ ಯುಗಾದಿಯ ಮರುದಿನವೂ ನಾನು, ಮೊಮ್ಮಕ್ಕಳು ಮೇಲೆ ಹೋಗಿದ್ದೆವು. ಕಾಲ ಕೆಳಗೆ ಸಿಮೆಂಟು, ಸುತ್ತ ನೀರಿನ ಟಾಕಿಗಳು. ಪಕ್ಕದ ಮನೆಯ ಮೇಲೆ ಯಾರೂ ಇರಲಿಲ್ಲ. ಚಂದ್ರ ಎಲ್ಲಿದ್ದಾನೆ ಎಂದು ಮೊಮ್ಮಗಳ ಫೋನು ಬಾಣದ ಗುರುತು ಹಾಕಿ ತೋರಿಸಿತು. ಫೋನು ಕೊಡು ಎಂದು ಮೊಮ್ಮಗ ಅವಳ ಜಡೆ ಎಳೆದ. ಅವರಿಗೆ ಕಾಡಿಗೆ ಬೇಕಾಗಿಲ್ಲ, ಯಾರ ತೋಳಿಗೂ ಕೆನ್ನೆ ಹಚ್ಚಬೇಕಾಗಿಲ್ಲ. ನನಗೆ ಅವರ ಮೇಲೂ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ಅದೇ ಫೋನಿನಲ್ಲಿ ಅವರು ತಾವರಗೇರಾದಲ್ಲಿರುವ ಅಕ್ಕನಿಗೆ ವಿಡಿಯೋ ಕರೆ ಮಾಡಿದರು. ಅಕ್ಕನ ಕಣ್ಣಿಗೆ ಈಗ ಪೊರೆ ಬಂದಿದೆ, ಆಪರೇಷನ್ ಆಗಬೇಕು. ಅವಳು ಮೊದಲು ಕೇಳಿದ್ದೇ ಅದನ್ನು. "ತಮ್ಮಾ, ಯಾವ ಕೋಡು ಮ್ಯಾಲ ಐತೋ?"

ನಾನು ಇಷ್ಟು ವರ್ಷ ಕಾದ ಪ್ರಶ್ನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮಕ್ಕಳಿಬ್ಬರೂ, "ಎಡಗೋಡು, ಅಜ್ಜೀ!" ಎಂದು ಕೂಗಿದರು.

ಅವರು ಫೋನನ್ನು ಆಕಾಶಕ್ಕೆ ಹಿಡಿದು ತೋರಿಸಿದರು. ಅಕ್ಕ ಕಣ್ಣು ಕಿರಿದು ಮಾಡಿದಳು. ಆಮೇಲೆ, "ಸುಳ್ಳ" ಎಂದಳು. "ಎಲ್ಲಾರೂ ಕೂಡಿ ಸುಳ್ಳ ಹೇಳಾಕತ್ತೀರಿ. ಅಲ್ಲಿ ಬರೇ ಮಬ್ಬ ಐತಿ. ದೊಡ್ಡದಾಗಿ ಬರದು ತೋರಸ್ರಿ. ಬ್ಯಾರೆ ಬ್ಯಾರೆ ಕೂತು ಬರೀರಿ, ಒಬ್ಬರದು ಒಬ್ಬರು ನೋಡಬ್ಯಾಡ್ರಿ."

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಮೂವರೂ ಮೂರು ಮೂಲೆಗೆ ಕೂತು ಹಾಳೆಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಬರೆದು, ಒಂದೊಂದಾಗಿ ಫೋನಿಗೆ ಹಿಡಿದೆವು. ಅಕ್ಕ ಅವನ್ನು ಬಹಳ ಹೊತ್ತು ನೋಡಿದಳು.

"ಕಾಣತೈತಿ" ಎಂದಳು. "ಚಂದ್ರ ಕಂಡ. ಹುಡುಗಿದು ಭಾಳ ಛಲೋ ಐತಿ. ಈಕಿ ಕಣ್ಣ ನನ್ನ ಕಣ್ಣ ನೋಡು."

ನಾನು ನನ್ನ ಹಾಳೆಯನ್ನು ಮತ್ತೆ ಫೋನಿನ ಹತ್ತಿರ ತಂದೆ. "ಅಕ್ಕಾ, ನಂದು?"

ಅವಳು ಫೋನನ್ನು ಮೂಗಿನ ತನಕ ತಂದುಕೊಂಡಳು. "ನಿಂದೇನೋ," ಎಂದಳು, "ಕಾಕಾನ ಸೌತಿಕಾಯಿ ಆಗೇತಿ."