ಕೊಳ್ಳೇಗಾಲ ಅಂತ ಬೋರ್ಡಿರುವ ಸ್ಟೇಷನ್

"ನಿಮ್ಮನ್ನು ನಿಜವಾದ ಹವ್ಯಾಸಿ ಅನ್ನೋಕಾಗಲ್ಲ ಸಾರ್."

ಕೊಳ್ಳೇಗಾಲದ ನಮ್ಮ ಮನೆಯ ಕಾಫಿ ಕುಡಿಯುತ್ತಲೇ ಹೀಗೆಂದವರು ಮೈಸೂರಿನ ಮಾಡೆಲ್ ರೈಲು ಕ್ಲಬ್ಬಿನವರೊಬ್ಬರು. (ದೊಡ್ಡವರು ಆಡುವ ಪುಟ್ಟ ರೈಲು. ನಗಬೇಡಿ, ಇದಕ್ಕೂ ಸಂಘವಿದೆ, ಸಂಘಕ್ಕೆ ನಿಯಮಗಳಿವೆ.) ತಮ್ಮ ಪ್ರದರ್ಶನದಲ್ಲಿ ನನ್ನ ರೈಲು ಇಡಲು ಒಂದು ಟೇಬಲ್ ಕೊಡಬಹುದೇ ಎಂದು ನೋಡಲು ಬಂದಿದ್ದರು. ಆ ಟೇಬಲ್ ಮೇಲೆ ನನಗೆ ಬಹಳ ದಿನದ ಕಣ್ಣು.

ನಮ್ಮ ಹಿಂದಿನ ಕೋಣೆಯ ತುಂಬ ನಾನು ಕಟ್ಟಿರುವುದು ಸತ್ತೇಗಾಲ, ಕೊಳ್ಳೇಗಾಲ, ಹನೂರು ಲೈನು. ಈ ಊರುಗಳಿಗೆ ರೈಲೇ ಇಲ್ಲ ಎಂಬುದು ಈ ಕಡೆ ಬಸ್ಸಿನಲ್ಲಿ ನೇತಾಡಿದವರಿಗೆಲ್ಲ ಗೊತ್ತೇ ಇದೆ. ಆದರೂ ನೋಡಲು ಬಂದ ಯಳಂದೂರಿನವರು "ನಮ್ಗೂ ಒಂದು ಸ್ಟಾಪ್ ಕೊಡಿ ಸಾ" ಎಂದು ಕೇಳಿ ಹೋಗಿದ್ದಾರೆ.

ಕ್ಲಬ್ಬಿನವರಿಗೆ ಅದೇ ತಕರಾರು. ನಿಜವಾದ ಹವ್ಯಾಸಿ ಇರುವ ಲೈನನ್ನು ಇರುವ ಹಾಗೆಯೇ ಮಾಡಬೇಕಂತೆ. ಅಲ್ಲ, ವಾಕಿಂಗ್ ಹೋಗಿ ಬೋಂಡಾ ತಿಂದು ಬರುವವನನ್ನು ಯಾರಾದರೂ ನೀನು ವಾಕರ್ ಅಲ್ಲ ಎಂದಿದ್ದಾರೆಯೇ? ಹವ್ಯಾಸಕ್ಕೂ ಸರ್ಟಿಫಿಕೇಟ್ ಬೇಕೇ?

ಅಷ್ಟರಲ್ಲಿ ಸತ್ತೇಗಾಲದಿಂದ ನಮ್ಮ ಮಾವ, ಹೆಂಡತಿಯ ಅಪ್ಪ, ತೆಂಗಿನಕಾಯಿ ಚೀಲ ಹೊತ್ತು ಬಂದರು. ಚೀಲ ಇಳಿಸಿ, ಬಗ್ಗಿ, ಲೈನನ್ನು ಉದ್ದಕ್ಕೂ ನೋಡಿದರು.

"ನಮ್ ಗದ್ದೆ ಮೇಲೇ ಓಯ್ತದಲ್ಲ? ಓಗ್ಲಿ ಬುಡಿ. ಗೇಟ್ ಎಲ್ಲಿ ಅಳಿಯಂದ್ರೇ? ಕಬ್ಬಿನ ಟ್ರ್ಯಾಕ್ಟ್ರು ಎಂಗ್ ದಾಟ್ಬೇಕು?"

ಗೇಟೇ ಇಟ್ಟಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅತಿಥಿಯನ್ನು ಮರೆತು, ಪೊರಕೆಯಿಂದ ಎರಡು ಕಡ್ಡಿ ಕಿತ್ತು, ಕೆಂಪು ಬಿಳಿ ಬಣ್ಣ ಬಳಿದು, ಅಂಟು ಹಾಕಿ ನೆಟ್ಟೆ. "ಈಗ ಸರೋಯ್ತು ಕಣ್ರಿ" ಎಂದು ಮಾವ ಸಮಾಧಾನದಿಂದ ಕುಳಿತರು. ರೈಲು ಓಡಿಸಿದೆ.

ಕ್ಲಬ್ಬಿನವರು ಎಲ್ಲವನ್ನೂ ನೋಡುತ್ತಿದ್ದರು. ಸ್ವಲ್ಪ ಮೆತ್ತಗಾದರು.

"ಕೆಲಸ ಚೆನ್ನಾಗಿದೆ ಸಾರ್. ಒಂದು ಕೆಲಸ ಮಾಡಿ. ಕೊಳ್ಳೇಗಾಲ ಅನ್ನೋ ಬೋರ್ಡ್ ತೆಗೆದು ನಂಜನಗೂಡು ಅಂತ ಹಾಕಿ, ಅಲ್ಲಿ ರೈಲಿದೆ. ಟೇಬಲ್ ನಾನು ಕೊಡಿಸ್ತೀನಿ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಬರೀ ಒಂದು ಬೋರ್ಡು ತಾನೇ? ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಆಗಲ್ಲ ಸಾರ್" ಎಂದೆ. ಟೇಬಲ್ ಹೋಯಿತು. ಬೇಜಾರಾಯಿತು, ಆದರೆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಕ್ಲಬ್ಬಿನವರನ್ನು ಬಸ್ ಸ್ಟ್ಯಾಂಡಿಗೆ ಬಿಡುವಾಗ ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ಈಗ ಇಲ್ಲಿ ಕೇಳುತ್ತಿದ್ದೇನೆ: ನಿಜವಾದ ರೈಲು ಬರುವ ಊರಿನವರಿಗೆ ಆಟದ ರೈಲು ಯಾಕೆ ಬೇಕು ಸ್ವಾಮಿ?