ತಾರೀಖಿನ ಜೊತೆಗೊಂದು ಹೆಸರು

ಶನಿವಾರ ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಮ್ಯಾನ್‌ಹಟನ್‌ನ ಎದುರು ದಡದಲ್ಲಿರುವ ಹೋಬೋಕನ್‌ನ ಹಳೆಯ ಕಾರ್ಖಾನೆ ಕಟ್ಟಡದ ಕಬ್ಬಿಣದ ಬಾಗಿಲನ್ನು ದಸ್ತಗೀರ್ ಭುಜಕೊಟ್ಟು ತೆರೆಯುತ್ತಾರೆ. ನದಿಯ ಗಾಳಿಗೆ ಮರಗಟ್ಟಿದ ಬೆರಳುಗಳನ್ನು ಚಹಾದ ಲೋಟಕ್ಕೆ ಒತ್ತಿ ಬಿಸಿ ಮಾಡಿಕೊಳ್ಳುತ್ತಾರೆ. ಸುರುಳಿ ಸುತ್ತಿದ ಕೇಬಲ್‌ಗಳನ್ನು ಬಿಡಿಸಿ, ಮೈಕ್‌ಗಳನ್ನು ನಿಲ್ಲಿಸಿ, ಅಂಗೈಯಗಲದ ರೆಕಾರ್ಡರ್‌ನ ಗುಂಡಿ ಒತ್ತುತ್ತಾರೆ.

"ಮಾರ್ಚ್ ಆರು, ಎರಡು ಸಾವಿರದ ಹತ್ತು. ದಸ್ತಗೀರ್." ಆಮೇಲೆ ಮೈಕ್ ಸರಿಯಿದೆಯೇ ಎಂದು ನೋಡಲು ಏನೋ ಗುನುಗುತ್ತಾರೆ.

ಈ ಕಟ್ಟಡದಲ್ಲಿ ಬ್ಯಾಂಡುಗಳಿಗೆ ಬಾಡಿಗೆಗೆ ಕೊಡುವ ಹನ್ನೊಂದು ರೂಮುಗಳಿವೆ. ವಾರದಲ್ಲಿ ಆರು ದಿನ ಅವನ್ನು ಗುಡಿಸುವುದು, ಕೆಟ್ಟ ವೈರುಗಳನ್ನು ಬೆಸುಗೆ ಹಾಕುವುದು ಮೈಸೂರಿನ ಮಂಡಿ ಮೊಹಲ್ಲಾದ ಈ ನಲವತ್ನಾಲ್ಕರ ಮನುಷ್ಯನ ಕೆಲಸ. 2008ರ ಅಕ್ಟೋಬರ್‌ವರೆಗೆ ಅವರು ಮ್ಯಾನ್‌ಹಟನ್‌ನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದರು. "ಲೇಆಫ್ ಆದ ದಿನ ಮನೇಲಿ ಹೇಳೋಕೆ ಧೈರ್ಯ ಬರಲಿಲ್ಲ. ಫೆರಿಯಲ್ಲಿ ಆಚೆ ದಡ, ಈಚೆ ದಡ ಅಂತ ನಾಲ್ಕು ಸಲ ಓಡಾಡಿದೆ. ಆಗ ಬಾಯಿಗೆ ಬಂದ ಟ್ಯೂನ್ ಒಂದಿದೆ. ಮೈಕ್ ಟೆಸ್ಟಿಗೆ ಅದನ್ನೇ ಗುನುಗೋದು," ಎಂದು ವರದಿಗಾಗಿ ಬಂದ ನನಗೆ ಹೇಳುತ್ತಾರೆ.

ಶನಿವಾರ ಎಂಟು ಗಂಟೆಯವರೆಗೆ ಒಂದು ರೂಮನ್ನು ಮಾಲೀಕರು ಅವರಿಗೇ ಬಿಟ್ಟುಕೊಟ್ಟಿದ್ದಾರೆ. ಹಾಗಾಗಿ ಕನ್ನಡದಲ್ಲಿ ಹಾಡುವ 'ಕೆಂಪಿಟ್ಟಿಗೆ' ಎಂಬ ರಾಕ್ ಬ್ಯಾಂಡು, ರಾಕ್ ಮಂದಿಯೆಲ್ಲ ಮಲಗಿರುವ ಹೊತ್ತಿನಲ್ಲಿ ಅಭ್ಯಾಸ ಮಾಡುತ್ತದೆ. ಹಾಡುವವರು ಮಂಜೇಶ್, ಗಿಟಾರ್ ರೆಹಾನ್, ಡ್ರಮ್ಸ್ ನಿಧಿ. ದಸ್ತಗೀರ್ ಅವರದು ಬೇಸ್ ಗಿಟಾರ್. ಕಾರ್ಯಕ್ರಮದ ಫೋಟೋಗಳಲ್ಲಿ ಅವರ ಮೊಣಕೈ ಮಾತ್ರ ಕಾಣುತ್ತದೆ.

ಜನವರಿಯಲ್ಲಿ ಬ್ಯಾಂಡಿನ ಮೊದಲ ಸಿಡಿ ಸಿದ್ಧವಾಯಿತು. 'ಆಚೆ ದಡ' ಎಂಬ ಹಾಡಿನ ಸಂಗೀತ ಯಾರದೆಂದು ಕವರಿನ ಮೇಲೆ ಬರೆಯಬೇಕಾದಾಗ ಜಗಳ ಹತ್ತಿತು.

"ನಾನು ಟ್ರೈನಲ್ಲಿ ಕೂತು ಕಂಪೋಸ್ ಮಾಡಿದ್ದು ಕಣೋ," ಎಂದರು ಮಂಜೇಶ್.

"ಟ್ರೈನಲ್ಲಿ ನೀನು ಗೊರಕೆ ಬಿಟ್ಟು ಇನ್ನೇನು ಕಂಪೋಸ್ ಮಾಡಿದೀಯ?" ಎಂದರು ರೆಹಾನ್. ಟ್ಯೂನ್ ತಮ್ಮದೆಂದು ಅವರಿಗೂ ಖಾತ್ರಿಯಿತ್ತು.

ಮೂರು ವಾರ ಇಬ್ಬರಿಗೂ ಮಾತಿಲ್ಲ. ಹೀಗೇ ಆದರೆ ತಾನು ಬರುವುದಿಲ್ಲವೆಂದು ನಿಧಿ ಹೇಳಿದರು. ಟ್ಯೂನ್ ಯಾರದೆಂದು ಗೊತ್ತಿದ್ದವರು ದಸ್ತಗೀರ್ ಒಬ್ಬರೇ.

"ಬಾಯಿಬಿಟ್ರೆ ಇಬ್ಬರೂ ನನ್ನ ಮೇಲೆ ಬೀಳ್ತಾರೆ, ನನಗಿರೋ ಒಂದು ಶನಿವಾರವೂ ಹೋಗುತ್ತೆ ಅಂತ ಹೆದರಿದೆ. ಅನ್ವರಿ ಕೇಳಿದಳು, 'ಆಫೀಸಲ್ಲೂ ಹೀಗೇ ಸುಮ್ಮನಿದ್ರಿ. ಏನು ಉಳೀತು?' ಅಂತ." ಅನ್ವರಿ ಅವರ ಹೆಂಡತಿ. ಜ್ಯಾಕ್ಸನ್ ಹೈಟ್ಸ್‌ನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ.

ಮುಂದಿನ ಶನಿವಾರ ದಸ್ತಗೀರ್ ಮೂವರ ಮುಂದೆ ಹಳೆಯ ರೆಕಾರ್ಡಿಂಗ್ ಒಂದನ್ನು ಹಾಕಿದರು. "ಜನವರಿ ಹದಿನೇಳು, ಎರಡು ಸಾವಿರದ ಒಂಬತ್ತು," ಎಂದಿತು ಅವರದೇ ದನಿ. ಹಿಂದೆಯೇ ಗುನುಗು. 'ಆಚೆ ದಡ'ದ ಪಲ್ಲವಿ, ಒಂದು ಸ್ವರವೂ ಆಚೀಚೆಯಿಲ್ಲ. ಆಗಿನ್ನೂ ಆ ಹಾಡೇ ಹುಟ್ಟಿರಲಿಲ್ಲ.

ಎಲ್ಲರೂ ಬಂದ ಮೇಲೆ ದಸ್ತಗೀರ್ ಇನ್ನೊಮ್ಮೆ ಮೈಕ್ ಟೆಸ್ಟ್ ಮಾಡುವಾಗ ಆ ಗುನುಗು ಎಲ್ಲರ ಹೆಡ್‌ಫೋನಿಗೂ ಹೋಗುತ್ತದೆ. ವಾರವಾರವೂ ಕಿವಿಗೆ ಬಿದ್ದದ್ದು ಇಬ್ಬರ ತಲೆಯಲ್ಲೂ ಬೇರು ಬಿಟ್ಟು, ಇಬ್ಬರಿಗೂ ತಮ್ಮದೇ ಅನ್ನಿಸಿತ್ತು.

ಮೊದಲು ಮಾತಾಡಿದವರು ರೆಹಾನ್. "ಮಂಜೇಶ, ನಾವಿಬ್ಬರೂ ಜಗಳ ಆಡಿದ್ದು ದಸ್ತಗೀರ್ ಭಾಯ್ ಮೈಕ್ ಟೆಸ್ಟಿಗೋಸ್ಕರ ಕಣೋ." ಮೂರು ವಾರಗಳ ಮೇಲೆ ಅವರು ಮಂಜೇಶ್ ಜೊತೆ ಆಡಿದ ಮೊದಲ ಮಾತು ಅದು.

ಕವರಿನ ಮೇಲೆ ಈಗ 'ಸಂಗೀತ: ದಸ್ತಗೀರ್' ಎಂದಿದೆ. ಕನ್ನಡ ಬಾರದ ಗಿರಾಕಿಗಳಿಗೂ ಅನ್ವರಿ ಅದನ್ನು ತೋರಿಸುತ್ತಾರೆ.

"ದೊಡ್ಡ ಆಸೆ ಏನಿಲ್ಲ. ಶನಿವಾರ ಈ ಮೂವರು ಬಂದ್ರೆ ಸಾಕು," ಎನ್ನುತ್ತ ದಸ್ತಗೀರ್ ಬೇಸ್ ಗಿಟಾರಿನ ಪಟ್ಟಿಯನ್ನು ಹೆಗಲಿಗೇರಿಸುತ್ತಾರೆ. ಹೊರಗೆ ಮೆಟ್ಟಿಲ ಮೇಲೆ ಮಂಜೇಶ್, ರೆಹಾನ್ ಏನಕ್ಕೋ ವಾದ ಮಾಡುತ್ತ ಬರುವುದು ಕೇಳಿಸುತ್ತದೆ. ದಸ್ತಗೀರ್ ನಗುತ್ತಾರೆ.

"ಮುಂಚೆ ತಾರೀಖು ಮಾತ್ರ ಹೇಳ್ತಿದ್ದೆ ಮೇಡಂ. ಈಗ ಹೆಸರೂ ಹೇಳ್ತೀನಿ."