ಅಳತೆಗೆ ಕೊಟ್ಟ ಬ್ಲೌಸು

2022ರ ಫೆಬ್ರವರಿ. ಜಯನಗರ ನಾಲ್ಕನೇ ಬ್ಲಾಕಿನ ನನ್ನ ಟೈಲರಿಂಗ್ ಅಂಗಡಿಗೆ ಆಗ ಇಪ್ಪತ್ತೆರಡು ವರ್ಷ. ಲಾಕ್‌ಡೌನ್‌ಗಳು ಮುಗಿದು ಮದುವೆ ಆರ್ಡರ್‌ಗಳು ಮತ್ತೆ ಬರತೊಡಗಿದ್ದವು. ವಯಸ್ಸಾದವರು ಮೊದಲಿನಂತೆಯೇ ಕೈ ಎತ್ತಿ ನಿಲ್ಲುತ್ತಿದ್ದರು. ಇಪ್ಪತ್ತರ ಆಸುಪಾಸಿನ ಹುಡುಗಿಯರು ಟೇಪ್ ಕಂಡರೆ ಹಿಂದೆ ಸರಿಯುತ್ತಿದ್ದರು.

ಜೆ.ಪಿ. ನಗರದ ಅನನ್ಯಾ ಹಳೆಯ ಗಿರಾಕಿ. ಇಪ್ಪತ್ತಮೂರು ವರ್ಷ, ಮೂರು ವಾರದಲ್ಲಿ ನಿಶ್ಚಿತಾರ್ಥ. ರೇಷ್ಮೆ ಬಟ್ಟೆಯ ಜೊತೆ ಹಳೇ ಬ್ಲೌಸೊಂದನ್ನು ಅಳತೆಗೆಂದು ಮೇಜಿನ ಮೇಲಿಟ್ಟಳು.

"ಟೇಪ್ ಬೇಡ ಆಂಟಿ. ಕೋವಿಡ್‌ಗೆ ಮುಂಚೆ ನಾನು ಇಷ್ಟೇ ಇದ್ದಿದ್ದು."

"ಈಗ ಇದು ಆಗುತ್ತೇನಮ್ಮ?"

"ಎರಡು ವರ್ಷ ವಿಡಿಯೋ ಮೀಟಿಂಗಲ್ಲಿ ನನ್ ಮುಖಾನೇ ನೋಡ್ಕೊಂಡು ಕೂತಿದ್ದೀನಿ. ಸಖತ್ ದಪ್ಪ ಆಗಿದೀನಿ. ರಾತ್ರಿ ಊಟ ಬಿಟ್ಟಿದೀನಿ, ಇಳಿಯುತ್ತೆ."

ಆಗಲೇ ಬುದ್ಧಿ ಹೇಳಿದೆ ಎಂದು ನನ್ನ ನೆನಪು. ಆರ್ಡರ್ ಪುಸ್ತಕ ಬೇರೆಯೇ ಹೇಳುತ್ತದೆ: ‘ಕೊಟ್ಟ ಬ್ಲೌಸಿನ ಅಳತೆ, 32.’ ನನ್ನದೇ ಅಕ್ಷರ. ಒಪ್ಪಿಕೊಂಡುಬಿಟ್ಟಿದ್ದೆ.

ಬಟ್ಟೆ ಕತ್ತರಿಸುವ ಮುನ್ನ ಅಳತೆ ಬ್ಲೌಸನ್ನು ಒಳಮಗ್ಗುಲು ಮೇಲಾಗಿ ತಿರುಗಿಸಿ ನೋಡುವುದು ನನ್ನ ರೂಢಿ. ಮುಂದೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲೆಂದು ಪಕ್ಕದಲ್ಲಿ ಬಿಡುವ ಬಟ್ಟೆಗೆ ಮಾರ್ಜಿನ್ ಎನ್ನುತ್ತೇವೆ. ಅಲ್ಲಿ ನನ್ನ ಮೆಷಿನ್ ಹೊಲಿಗೆ ಇತ್ತು. ಅದಕ್ಕಿಂತ ಒಳಗೆ, ಎರಡೂ ಕಡೆ, ಕೈಸೂಜಿಯ ಸೊಟ್ಟ ಹೊಲಿಗೆ. ಅದು ನನ್ನದಲ್ಲ. 2019ರ ಪುಸ್ತಕ ತೆಗೆದೆ. ಅವಳ ಎದೆಯಳತೆ 35.

ಕರೆಸಿ, ತಿರುಗಿಸಿ ತೋರಿಸಿದೆ.

"ನಾನೇ ಹಾಕಿದ್ದು ಆಂಟಿ, ಲಾಕ್‌ಡೌನಲ್ಲಿ. ಇಷ್ಟಕ್ಕೆ ಬರ್ಬೇಕು ಅಂತ. ಆಮೇಲಾಮೇಲೆ ಮೊದ್ಲು ಹೀಗೇ ಇದ್ದೆ ಅಂತ್ಲೇ ಅನ್ನಿಸ್ಬಿಡ್ತು."

ನೆನಪನ್ನು ಬಿಗಿ ಮಾಡಿ ಹೊಲಿದುಕೊಳ್ಳುವುದು ನನಗೂ ಗೊತ್ತು, ಗದರಲಿಲ್ಲ. ಟೇಪ್ ಹಿಡಿದೆ. ಉಸಿರು ಕಟ್ಟಿ ನಿಂತಾಗ 35. "ಬಿಡೇ" ಎಂದ ಮೇಲೆ 36.

"ಮೂರು ವರ್ಷಕ್ಕೆ ಒಂದಿಂಚು ಕಣೇ. ಮಾರ್ಜಿನ್ ಮತ್ಯಾಕೆ ಬಿಡೋದು, ಇಲಿ ತಿನ್ಲಿ ಅಂತಾನಾ?"

ನಕ್ಕಳು. ಮಾಸ್ಕ್ ಇತ್ತು, ನಕ್ಕಳೆಂದು ನನಗೆ ಹೇಗೆ ಗೊತ್ತಾಯಿತೋ.

ಟ್ರಯಲ್ ದಿನ ಹೊಸ ಬ್ಲೌಸಿನ ಹುಕ್ಕುಗಳೆಲ್ಲ ಸಲೀಸಾಗಿ ಕೂತವು. ಕನ್ನಡಿ ಮುಂದೆ ಎರಡೂ ಕೈ ಎತ್ತಿದಳು, ಬಗ್ಗಿದಳು. "ಆಂಟಿ, ಇದ್ರಲ್ಲಿ ಊಟಾನೂ ಮಾಡ್ಬಹುದು!"

"ನಿಶ್ಚಿತಾರ್ಥ ಮಾಡ್ಕೊಳ್ಳೋದೇ ಅದಕ್ಕಲ್ವೇನೇ?"

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಆದರೆ ಅವಳು ಹೊರಡುವ ಮುನ್ನ ನನ್ನ ಸ್ಟೂಲಿನ ಮೇಲೆ ಕೂತು, ಆ ಹಳೇ ಬ್ಲೌಸಿನ ಸೊಟ್ಟ ಹೊಲಿಗೆಯನ್ನು ತಾನೇ ಒಂದೊಂದಾಗಿ ಬಿಚ್ಚಿದಳು. ದಾರದ ಚೂರುಗಳನ್ನು ಸಂಜೆ ನಾನೇ ಗುಡಿಸಿದ್ದು, ಅದರಲ್ಲಿ ಅನುಮಾನವಿಲ್ಲ.

ಅಂದಿನಿಂದ ಯಾರ ಅಳತೆಯನ್ನೂ ಗಟ್ಟಿಯಾಗಿ ಓದುವುದಿಲ್ಲ. ಅವರು ಉಸಿರು ಬಿಡುವವರೆಗೆ ಟೇಪ್ ಹಿಡಿದು ಕಾಯುತ್ತೇನೆ. ಕೆಲವರು ತುಂಬ ಹೊತ್ತು ತೆಗೆದುಕೊಳ್ಳುತ್ತಾರೆ.